ಆರೂ ಐದರ ಕೂಗು

ನಮ್ಮವ್ವ ಹನುಮಕ್ಕ ಕಾಲು ಮುರಿದುಕೊಂಡು ಒಂದು ಗಂಟೆ ಹೊತ್ತು ಚರಂಡಿಯಲ್ಲಿ ಬಿದ್ದಿದ್ದಳು. ಕೂಗಲಿಲ್ಲ. ಅವಳು ಕೂಗದ ಆ ಒಂದು ಗಂಟೆಗೆ ಗುರುಕೃಪಾ ಬಡಾವಣೆಗೆ ಪ್ರಶಸ್ತಿ ಬಂತು.

ಇದು ಕ್ಲೈಮ್ಯಾಕ್ಸ್ ಅಲ್ಲ. ಇಂಟರ್ವಲ್. ಮೊದಲಿನಿಂದ ಹೇಳುತ್ತೇನೆ.

ನನ್ನ ಹೆಸರು ರಂಗೇಶ್. ಮಧುಗಿರಿಯಲ್ಲಿ ಮೈಕ್ ಆಟೋ ಕಂಡವರಿಗೆಲ್ಲ ನನ್ನ ಗಂಟಲು ಗೊತ್ತು. ಆಟೋ ಸಿರಾದ ಖಲೀಲ್ ಭಾಯ್‌ದು, ಗಂಟಲು ನನ್ನದು. ಸೀರೆ ಸೇಲ್, ಕಬಡ್ಡಿ ಟೂರ್ನಮೆಂಟು, ಪೋಲಿಯೊ ಹನಿ, ತೀರಿಕೊಂಡವರ ಸುದ್ದಿ, ಎಲ್ಲ ನಾನೇ. ಕೊರಟಗೆರೆ ಸಂತೆಯಲ್ಲಿ ಒಂದು ಸಲ ಇಲಿ ಪಾಷಾಣಕ್ಕೆ ಹೀರೋ ಎಂಟ್ರಿ ಕೊಟ್ಟು ಮಾರಿದ್ದೇನೆ. "ಲೇ ಇಲಿಗಳಾ, ನಿಮ್ಮ ಬಿಲಕ್ಕೆ ಬಾಗಿಲು ಎರಡು. ಎರಡರಲ್ಲೂ ನಾನೇ ನಿಂತಿದೀನಿ!" ಇಲಿ ಸತ್ತವೋ ಇಲ್ಲವೋ, ಜನ ಬಿದ್ದು ಬಿದ್ದು ನಕ್ಕರು.

ಆಟೋದಲ್ಲಿ ಸುತ್ತುವವನಿಗೆ ಊರಿನ ಸದ್ದು ಬೀದಿ ಬೀದಿಯಾಗಿ ಗೊತ್ತಾಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ "ಪಾವಗಡ ಪಾವಗಡ ಪಾವಗಡ" ಅಂತ ಕಂಡಕ್ಟರ್‌ಗಳು ಬಾಯಿ ಬಡಿದುಕೊಳ್ಳುತ್ತಾರೆ. ಪೇಟೆಯಲ್ಲಿ ಪಾತ್ರೆ ಅಂಗಡಿ, ಗಿರಣಿ. ಅಲ್ಲಿಂದ ಬೆಟ್ಟದ ಕಡೆ ತಿರುಗಿದರೆ ಗುರುಕೃಪಾ ಬಡಾವಣೆ. ಅಲ್ಲಿ ಕುಕ್ಕರ್ ಕೂಡ ಅನುಮತಿ ಕೇಳಿ ಸೀಟಿ ಹೊಡೆಯುತ್ತದೆ. ಮೈಕ್ ಆಟೋ ಒಳಗೆ ಬರಬಾರದು ಅಂತ ಬೋರ್ಡು.

ಇನ್ನು ನಮ್ಮ ಕಾಲೋನಿ. ಊರಿನ ಆ ತುದಿ. ಕಸದ ಟ್ರ್ಯಾಕ್ಟರ್‌ಗಳು ನಿಲ್ಲುವುದು ನಮ್ಮ ಗೋಡೆಗೆ ಒತ್ತಿಕೊಂಡು. ಗುಜರಿ ಒಡೆಯುವುದು ನಮ್ಮ ಎದುರಿಗೆ. ಕೋಳಿ ಅಂಗಡಿಯ ತ್ಯಾಜ್ಯ ನಮ್ಮ ಹಿಂದೆ, ಅದಕ್ಕೆ ಕಚ್ಚಾಡುವ ನಲವತ್ತು ನಾಯಿ ನಮ್ಮ ಬಾಗಿಲಲ್ಲಿ. ಊರಿನವರೆಲ್ಲ ತಮ್ಮ ಮನೆಯ ಕಸದ ಜೊತೆ ತಮ್ಮ ಸದ್ದನ್ನೂ ಗುಡಿಸಿ ತಂದು ನಮ್ಮ ಮೇಲೆ ಸುರಿದಿದ್ದಾರೆ. ಆಮೇಲೆ ಮೂಗು ಮುಚ್ಚಿಕೊಂಡು ಹೇಳುತ್ತಾರೆ, "ಆ ಕಾಲೋನಿ ಜನ ಬಲು ಗಲಾಟೆ."

ಅವ್ವ ಗುರುಕೃಪಾ ಬಡಾವಣೆ ಗುಡಿಸುವ ಎಂಟು ಹೆಂಗಸರಲ್ಲಿ ಒಬ್ಬಳು. ಗುತ್ತಿಗೆ ಕೆಲಸ. ಬೆಳಿಗ್ಗೆ ಐದೂವರೆಗೆ ಶುರು. ಎಂಟು ಅಡ್ಡರಸ್ತೆ, ಒಬ್ಬೊಬ್ಬರಿಗೆ ಒಂದೊಂದು. ಅವರಲ್ಲಿ ಒಂದು ಪದ್ಧತಿ ಇತ್ತು. ಗುಡಿಸುತ್ತಾ ಗುಡಿಸುತ್ತಾ ಆಗಾಗ ಒಬ್ಬಳು ಕೂಗುವುದು. "ಓಬಳಕ್ಕೋ..." ಪಕ್ಕದ ರಸ್ತೆಯಿಂದ "ಓ..." ಅಂತ ಬರಬೇಕು. ಅವಳು ಆಚೆಯವಳನ್ನು ಕೂಗಬೇಕು. ಹಿಂಗೆ ಕೊನೆಯ ರಸ್ತೆಯವರೆಗೂ ಕೂಗು ಹೋಗಿ ವಾಪಸ್ ಬರುತ್ತಿತ್ತು. "ಓ" ಬರಲಿಲ್ಲ ಅಂದರೆ ಪೊರಕೆ ಬಿಸಾಕಿ ಓಡುವುದು. ನಾಯಿ ಹಿಡಿಯಿತೋ, ಕುಡುಕ ಕೈ ಹಿಡಿದನೋ, ಹಾವೋ. ಒಂದು ಸಲ ಓಬಳಮ್ಮನನ್ನು ಏಳು ನಾಯಿಗಳ ಬಾಯಿಂದ ಬಿಡಿಸಿದ್ದು ಆ ಕೂಗೇ.

ಈಗ ನನ್ನ ತಪ್ಪು. ಮುಚ್ಚಿಡುವುದಿಲ್ಲ.

ಅವ್ವನ ತಳ್ಳುಗಾಡಿಯ ಅಡಿಗೆ ನಾನೊಂದು ಪುಟ್ಟ ಬ್ಲೂಟೂತ್ ಸ್ಪೀಕರ್ ಕಟ್ಟಿದೆ. ಅವಳು ಬಡಾವಣೆಯ ಕಮಾನಿನೊಳಗೆ ಗಾಡಿ ತಳ್ಳಿದ್ದೇ ತಡ, ಮೊಬೈಲ್ ಒತ್ತಿದೆ. ಢಂ ಢಂ ಢಢಂ. ಹೀರೋ ಎಂಟ್ರಿ ಮ್ಯೂಸಿಕ್. ಜೊತೆಗೆ ನನ್ನದೇ ಗಂಟಲು: "ಇವಳು ಬಂದ್ರೆ ಧೂಳು ಏಳಲ್ಲ ಕಣ್ರೋ. ಧೂಳೇ ಎದ್ದು ನಿಲ್ಲುತ್ತೆ!" ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವ್ವ ಪೊರಕೆ ತಗೊಂಡು ಅಟ್ಟಿಸಿಕೊಂಡು ಬಂದಳು, ಅವಳಿಗೂ ನಗು ತಡೆಯಲಾಗಲಿಲ್ಲ.

ಆ ನಗುವಿಗೆ ಅವ್ವನಿಗೆ ಮೊದಲನೇ ನೋಟಿಸ್ ಬಂತು.

ಬರೆಸಿದವರು ಬಡಾವಣೆ ಸಂಘದ ಕಾರ್ಯದರ್ಶಿ ಜಯರಾಮಯ್ಯ ಮೇಷ್ಟ್ರು. ರಿಟೈರ್ಡ್. ಬೈಯುವುದಿಲ್ಲ, ಏರಿಸಿ ಮಾತಾಡುವುದಿಲ್ಲ. ಕುಡಿಯಲು ಕೊಡುವ ನೀರು ಮಾತ್ರ ಗೇಟಿನ ಹೊರಗೆ ಇಟ್ಟ ಪ್ಲಾಸ್ಟಿಕ್ ಚೊಂಬಿನಲ್ಲಿ. ಗುತ್ತಿಗೆದಾರನ ಸೂಪರ್‌ವೈಸರ್ ಭೀಮರಾಜು ನೋಟಿಸ್ ಹಿಡಿದು ಬಂದ. ಪಾವಗಡದ ಆಚೆಯವನು, ಅರ್ಧ ಮಾತು ತೆಲುಗು.

"ಏಮಮ್ಮಾ ಹನುಮಕ್ಕಾ, ಡ್ಯಾನ್ಸ್ ಪ್ರೋಗ್ರಾಂ ಇಕ್ಕಂಡಿದೀಯಾ? ಮೂರು ನೋಟಿಸ್ ಆದ್ರೆ ಇಂಟಿಕೇ, ಮನೆಗೇ. ಚೆಪ್ತಾ ಉನ್ನಾನು."

"ನನ್ ಮಗಂದು ಬುಡಪ್ಪಾ, ಮಂಗಮುಂಡೇದು. ನಾನೇನ್ ಮಾಡ್ಲಿ?"

ಅಷ್ಟರಲ್ಲಿ ಬೆಂಗಳೂರಿನಿಂದ ಒಂದು ಟ್ರಸ್ಟ್ ಬಂತು. ಕಿವಿಯ ಆರೋಗ್ಯದ್ದು. ಯಾವ ಬಡಾವಣೆ ಎಷ್ಟು ಗದ್ದಲ, ಎಷ್ಟು ಶಾಂತ ಅಂತ ಸರ್ವೆ ಮಾಡಿ, ಅತಿ ಶಾಂತವಾದದ್ದಕ್ಕೆ ಪ್ರಶಸ್ತಿ. ತೇಜಸ್ವಿನಿ ಅಂತ ಒಬ್ಬ ಹುಡುಗಿ ಟ್ಯಾಬ್ ಹಿಡಿದು ನಮ್ಮ ಕಾಲೋನಿಗೂ ಬಂದಳು. ಅವ್ವ ಕೂದಲಿಗೆ ಸೀಗೆಪುಡಿ ಹಚ್ಚಿಕೊಂಡು ಕೂತಿದ್ದಳು.

"ಅಮ್ಮಾ, ನಿಮ್ಮ ಬೀದಿ ಗಿಜಿಗಿಜಿ ಅನ್ಸುತ್ತಾ, ಶಾಂತವಾಗಿದೆ ಅನ್ಸುತ್ತಾ?"

"ಯಾವ ಬೀದಿ ತಾಯಿ? ನಾನ್ ಗುಡ್ಸೋದಾ, ನಾನ್ ಮಲಗೋದಾ?"

ಹುಡುಗಿ ಟ್ಯಾಬ್ ನೋಡಿದಳು. ಅದರಲ್ಲಿ ಒಂದೇ ಖಾನೆ ಇತ್ತು. ಪಕ್ಕದಲ್ಲಿ ಟ್ರ್ಯಾಕ್ಟರ್ ಸ್ಟಾರ್ಟ್ ಆಯಿತು, ಅವ್ವ ಮುಂದೆ ಹೇಳಿದ್ದು ಯಾರಿಗೂ ಕೇಳಲಿಲ್ಲ. ವಾರದ ನಂತರ ನಕ್ಷೆ ಬಂತು. ನಾವು ಕೆಂಪು. ಗುರುಕೃಪಾ ಹಸಿರು. ಆದರೆ ಸಿದ್ಧಗಂಗಾ ರಸ್ತೆಯ ಒಂದು ಬಡಾವಣೆಯೂ ಅಷ್ಟೇ ಹಸಿರು. ಕೊನೆಯ ಸುತ್ತಿಗೆ ಮೂರು ದಿನ ಮೀಟರ್ ಇಟ್ಟು ಸದ್ದು ಅಳೆಯುತ್ತಾರಂತೆ, ಬೆಳಿಗ್ಗೆ ಐದೂವರೆಯಿಂದ.

ಜಯರಾಮಯ್ಯ ಮೇಷ್ಟ್ರು ಎಂಟೂ ಹೆಂಗಸರನ್ನು ಪಾರ್ಕಿನ ಹೊರಗೆ ನಿಲ್ಲಿಸಿಕೊಂಡರು.

"ನೋಡ್ರಮ್ಮಾ, ನಿಮ್ಮ ಸಹಕಾರ ಬೇಕು. ತಳ್ಳುಗಾಡಿಯ ಕಬ್ಬಿಣದ ಚಕ್ರ ಬಹಳ ಕಿರುಗುಟ್ಟುತ್ತೆ. ಗಾಡಿ ಬೇಡ. ಮಕ್ಕರೀಲಿ ಹೊತ್ಕೊಂಡು ಹೋಗಿ. ಬಳೆ ತೆಗೆದಿಟ್ಟು ಬನ್ನಿ. ಆ ಕೂಗಾಟ ಅಂತೂ ಬೇಡವೇ ಬೇಡ."

"ಸ್ವಾಮೀ, ಹಸಿ ಕಸ ತಲೆ ಮ್ಯಾಲಾ?" ಅಂದಳು ಓಬಳಮ್ಮ.

"ಮೂರು ದಿನದ ಮಾತು."

"ಕೂಗ್ದಿದ್ರೆ ನಮ್ಗೇನಾರಾ ಆದ್ರೆ ಹೆಂಗ್ ಗೊತ್ತಾಯ್ತದೆ?"

"ಏನಾಗುತ್ತಮ್ಮಾ ಇಲ್ಲಿ? ಎಲ್ಲ ಸಂಭಾವಿತರಿರೋ ಜಾಗ."

ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಮಕ್ಕರಿ. ಮಕ್ಕರಿಯಲ್ಲಿ ಅನ್ನ, ಸಾರು, ಮಗುವಿನ ಡೈಪರ್, ಒಡೆದ ಗಾಜು. ಬಿದಿರಿನ ಸಂದಿನಿಂದ ಸೋರುವ ನೀರು ಹಣೆಯಿಂದ ಕಣ್ಣಿಗೆ, ಕಣ್ಣಿಂದ ಬಾಯಿಗೆ. ಒರೆಸಲು ಕೈ ಇಲ್ಲ, ಎರಡೂ ಕೈ ಮೇಲಿವೆ. ಒಂದು ರಸ್ತೆಗೆ ಹದಿನಾಲ್ಕು ಸುತ್ತು. ಮೊದಲ ದಿನ ಅವ್ವ ಮನೆಗೆ ಬಂದು ಕತ್ತು ತಿರುಗಿಸಲಾಗದೆ ಇಡೀ ಮೈ ತಿರುಗಿಸಿ ನನ್ನನ್ನು ನೋಡಿದಳು. ನಾನು ಅವಳ ಕತ್ತಿಗೆ ಎಣ್ಣೆ ತಿಕ್ಕಿದೆ.

ಎರಡನೇ ದಿನ ಒಂದು ಮಹಡಿಯಿಂದ ಯಾರೋ ಕವರ್ ಎಸೆದರು. ಮಕ್ಕರಿಗೆ ಗುರಿ ಇಟ್ಟದ್ದು. ಅವ್ವನ ಕೆನ್ನೆಗೆ ಬಿತ್ತು, ಒಡೆಯಿತು. "ಅಮ್ಮಾ!" ಅಂದುಬಿಟ್ಟಳು. ಅಷ್ಟೇ. ಒಂದು ಮಾತು. ಎರಡನೇ ನೋಟಿಸ್.

ಮೂರನೇ ದಿನ ಗುರುವಾರ.

ಆರೂ ಐದಕ್ಕೆ, ಜಯರಾಮಯ್ಯ ಮೇಷ್ಟ್ರ ಗೇಟಿನ ಮುಂದೆ, ಚರಂಡಿಯ ಚಪ್ಪಡಿ ಮುರಿಯಿತು. ಅವರ ಕಾರು ಹತ್ತಿ ಹತ್ತಿ ಮೊದಲೇ ಬಿರುಕು ಬಿಟ್ಟಿದ್ದ ಕಲ್ಲು. ಮಕ್ಕರಿ ಸಮೇತ ಅವ್ವ ಒಳಗೆ. ಮೊಣಕಾಲಿನ ಕೆಳಗೆ ಮೂಳೆ ಲಟಕ್ಕೆಂದಿತು. ಅವ್ವ ಸೆರಗಿನ ತುದಿ ಬಾಯಿಗೆ ತುರುಕಿಕೊಂಡಳು.

ಮೂರನೇ ನೋಟಿಸ್ ಬಂದರೆ ಮನೆಗೆ. ಅದೊಂದೇ ಅವಳ ತಲೆಯಲ್ಲಿ ಇದ್ದದ್ದು.

ಬೂಟು ಹಾಕಿಕೊಂಡು ವಾಕಿಂಗ್ ಹೋಗುವವರು ಎರಡು ಗುಂಪು ದಾಟಿ ಹೋದರು. ಅವರೂ ಮೀಟರಿಗೆ ಹೆದರಿ ಸನ್ನೆಯಲ್ಲೇ ನಮಸ್ಕಾರ ಮಾಡಿಕೊಳ್ಳುತ್ತಿದ್ದರಂತೆ. ಒಬ್ಬರು ಬಗ್ಗಿ ಪಿಸುಗುಟ್ಟಿದರು, "ಏನಮ್ಮಾ, ಕೆಲಸದ ಹೊತ್ತಲ್ಲಿ ಕೂತ್ಬಿಟ್ಯಾ?" ಹೋದರು. ಏಳೂ ಐದಕ್ಕೆ, ಕಸ ಸುರಿಯುವ ಮೂಲೆಗೆ ಹನುಮಕ್ಕ ಬರಲೇ ಇಲ್ಲವಲ್ಲ ಅಂತ ಓಬಳಮ್ಮ ಹುಡುಕಿಕೊಂಡು ಬಂದಳು. ಅಷ್ಟರಲ್ಲಿ ಸೆರಗಿನ ತುದಿಯಲ್ಲಿ ಹಲ್ಲಿನ ತೂತು ಬಿದ್ದಿದ್ದವು.

ಆಸ್ಪತ್ರೆಯಲ್ಲಿ ಸಿಮೆಂಟ್ ಪಟ್ಟಿ ಹಾಕಿದರು. ನಾನು ಕೇಳಿದೆ, "ಯಾಕವ್ವಾ? ಒಂದೇ ಒಂದು ಸಲ ಕೂಗಕ್ಕೆ ಏನಾಗಿತ್ತು?"

"ನೀನ್ ಮೊದ್ಲು ಕೂಗ್ಸಿದ್ದಕ್ಕೇ ಅಲ್ವೇನ್ಲಾ ಶುರುವಾಗಿದ್ದು," ಅಂದಳು. ಸಿಟ್ಟಿಲ್ಲ. ಅದೇ ಕೊಂದದ್ದು ನನ್ನನ್ನು.

ಮಾರನೆಯ ದಿನ ಭೀಮರಾಜು ಹತ್ತಿರ ಹೋದೆ. ಕೆಲಸ ಮಾಡುವಾಗ ಬಿದ್ದಳು ಅಂತ ಪುಸ್ತಕದಲ್ಲಿ ಬರೆದರೆ ಕಾಲು ಕೂಡುವವರೆಗೂ ಕೆಲಸ ಉಳಿಯುತ್ತದೆ. ಬರೆಯದಿದ್ದರೆ ಬೇರೆಯವಳು ಬರುತ್ತಾಳೆ. ಅವನು ಹಾಜರಿ ಪುಸ್ತಕ ತೆರೆದು ತೋರಿಸಿದ. ಗುರುವಾರ, ಹನುಮಕ್ಕ, ಗೈರು.

"ರಾಲೇದು ಕಣಪ್ಪಾ ನಿಮ್ಮಮ್ಮ. ಎಲ್ಲೋ ಮನೇಲಿ ಬಿದ್ದವಳೆ."

"ಓಬಳಕ್ಕ ಎತ್ತಿದ್ದು ಚರಂಡಿಯಿಂದ ಅಣ್ಣಾ!"

"ಆಯಮ್ಮ ನಿಮ್ಮ ಕಾಲೋನಿಯವಳೇ ಕದಾ. ಸಂಘದೋರು ಹೇಳಿದ್ರೆ ಬರೀತೀನಿ."

ಸಂಘದವರ ಮನೆಗೆ ಹೋದೆ. ಗೇಟಿನ ಮುಂದೆ ಹೊಸ ಚಪ್ಪಡಿ, ಸಿಮೆಂಟು ಇನ್ನೂ ಹಸಿ. ಮೇಷ್ಟ್ರು ಗೇಟಿನ ಒಳಗೆ, ನಾನು ಹೊರಗೆ. ಅವರು ಮೊಬೈಲಿನಲ್ಲಿ ಗೆರೆಯ ಚಿತ್ರ ತೋರಿಸಿದರು.

"ನೋಡಪ್ಪಾ, ಇದು ವಿಜ್ಞಾನ. ಮೀಟರ್ ಇದ್ದದ್ದು ಇದೇ ಕಂಬದ ಮೇಲೆ. ಗುರುವಾರ ಆರರಿಂದ ಏಳು. ನಿಮಿಷದ ಸರಾಸರಿ ಮೂವತ್ತೆಂಟು ಡೆಸಿಬಲ್ ದಾಟಿಲ್ಲ. ಮೂರು ದಿನದಲ್ಲಿ ಅತ್ಯಂತ ಶಾಂತವಾದ ಗಂಟೆ. ನಿಮ್ಮ ತಾಯಿ ಇಲ್ಲಿ ಬಿದ್ದು ಮೂಳೆ ಮುರಿದಿದ್ರೆ ಕಿರುಚ್ತಿದ್ರು. ಕಿರುಚಿದ್ರೆ ಇಲ್ಲಿ ಕಾಣಿಸ್ತಿತ್ತು. ಕಾಣಿಸ್ತಿದೆಯಾ? ಹೇಳು."

ಕಾಣಿಸಲಿಲ್ಲ. ಗೆರೆ ನೆಟ್ಟಗೆ ಮಲಗಿತ್ತು. ನಮ್ಮವ್ವ ಚರಂಡಿಯಲ್ಲಿ ಮಲಗಿದ ಹಾಗೆ.

ಕೂಗಬೇಡ ಅಂದರು. ಕೂಗಲಿಲ್ಲ. ಕೂಗಲಿಲ್ಲವಲ್ಲ, ಹಾಗಾದರೆ ಬಿದ್ದೇ ಇಲ್ಲ ಅಂದರು. ಇಂಥ ಸ್ಕ್ರೀನ್‌ಪ್ಲೇ ಯಾವ ವಿಲನ್ ಕೂಡ ಬರೆದಿಲ್ಲ. ಯಾಕೆಂದರೆ ವಿಲನ್ ಆದವನು ಕೊನೇಪಕ್ಷ ನಗುತ್ತಾನೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಹೇಳಿದರು, "ಅಂದ ಹಾಗೆ, ಬರೋ ಭಾನುವಾರದ ಮುಂದಿನ ಭಾನುವಾರ ಪ್ರಶಸ್ತಿ ಸಮಾರಂಭ. ನಿರೂಪಣೆಗೆ ನಿನ್ನ ಕಂಠ ಚೆನ್ನಾಗಿದೆ. ಆದರೆ ಮೆತ್ತಗೆ ಮಾತಾಡಬೇಕು."

ನಾನು ಅವರ ಕೈ ಹಿಡಿಯಲಿಲ್ಲ, ಕಾಲಿಗೆ ಬೀಳಲಿಲ್ಲ, ಕಲ್ಲು ಎತ್ತಲಿಲ್ಲ. "ಆಗ್ಲಿ ಸಾರ್, ಮೆತ್ತಗೇ ಮಾತಾಡ್ತೀನಿ" ಅಂದೆ.

ಆಟೋದಲ್ಲಿ ಖಲೀಲ್ ಭಾಯ್ ಎಲ್ಲ ಕೇಳಿಸಿಕೊಂಡ. "ಅರೇ ರಂಗಾ, ಒಪ್ಕೊಂಡ್ಯಾ? ಶರಮ್ ನಹೀ ಕ್ಯಾ ತೇರೆಕು?"

"ಭಾಯ್, ಅವತ್ತು ನಿನ್ನ ದೊಡ್ಡ ಆಂಪ್ಲಿಫೈಯರ್ ಬೇಕು. ಆ ನಾಲ್ಕು ಹಾರ್ನೂ."

ಅವನು ನನ್ನ ಮುಖ ನೋಡಿದ. ಆಮೇಲೆ ಕಿಕ್ಕರ್ ಹೊಡೆದ. "ಬಾಡಿಗೆ ನಕ್ಕೋ. ಹನುಮಕ್ಕನ ಕೈ ಮುದ್ದೆ ತಿಂದೀನಿ."

ಭಾನುವಾರ ಬೆಳಿಗ್ಗೆ ಹನ್ನೊಂದು. ಪಾರ್ಕಿನಲ್ಲಿ ಶಾಮಿಯಾನ, ನೂರೈವತ್ತು ಕುರ್ಚಿ. ವೇದಿಕೆಯ ಮೇಲೆ ಟ್ರಸ್ಟಿನವರು, ಮೇಷ್ಟ್ರು. ಪಕ್ಕದಲ್ಲಿ ದೊಡ್ಡ ಪರದೆ, ಅದರ ಮೇಲೆ ಕೆಂಪು ಅಂಕಿಗಳಲ್ಲಿ ಆ ಹೊತ್ತಿನ ಸದ್ದು. ನಲವತ್ತೆರಡು. ನಲವತ್ತು. ಜನ ಕೆಮ್ಮು ಬಂದರೂ ಅಂಕಿ ನೋಡಿ ನುಂಗಿಕೊಳ್ಳುತ್ತಿದ್ದರು. ಗೇಟಿನ ಹೊರಗೆ ಓಬಳಮ್ಮ ಮತ್ತು ಆರು ಜನ ಮಕ್ಕರಿ ಇಟ್ಟುಕೊಂಡು ಕಾಯುತ್ತಿದ್ದರು, ಊಟ ಆದ ಮೇಲೆ ಎಲೆ ಎತ್ತಲು. ಭೀಮರಾಜು ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಅವರನ್ನು ಕಾಯುತ್ತಿದ್ದ.

ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಮೈಕ್ ಹಿಡಿದು ನಿಂತೆ. ಪಿಸುಮಾತಿನಲ್ಲಿ ನಿರೂಪಣೆ.

"ಆತ್ಮೀಯರೇ, ಚಪ್ಪಾಳೆ ಹೊಡೆದ್ರೆ ಅಂಕಿ ಏರುತ್ತೆ. ಎಲ್ಲರೂ ಕೈ ಎತ್ತಿ ಗಾಳೀಲಿ ಅಲ್ಲಾಡಿಸಿ."

ನೂರೈವತ್ತು ಜನ ಸಂಭಾವಿತರು ಕೈ ಎತ್ತಿ ಅಲ್ಲಾಡಿಸಿದರು. ನಾಟಿ ಗದ್ದೆಯಲ್ಲಿ ನಿಲ್ಲಿಸಿದ ಬೆದರುಬೊಂಬೆಗಳ ಹಾಗೆ. ಇಷ್ಟು ದೊಡ್ಡ ತಮಾಷೆ ನನ್ನ ಜೀವನದಲ್ಲಿ ಮಾಡಿರಲಿಲ್ಲ. ನಗು ಬರಲಿಲ್ಲ.

ಮೇಷ್ಟ್ರು ಫಲಕ ತೆಗೆದುಕೊಂಡರು. ಪರದೆಯ ಮೇಲೆ ಗುರುವಾರದ ಆ ಗೆರೆ ತೋರಿಸಿದರು. "ಈ ಒಂದು ಗಂಟೆ ನಮ್ಮ ಬಡಾವಣೆಯ ಸಂಸ್ಕಾರದ ಗುರುತು" ಅಂದರು.

ಕೈಗಳು ಅಲ್ಲಾಡಿದವು.

ನಾನು ಮೈಕ್ ಎತ್ತಿದೆ. "ಈ ಒಂದು ಗಂಟೆಯನ್ನು ನಿಮಗೆ ಕೊಟ್ಟವರು ಒಬ್ಬರಿದ್ದಾರೆ. ಅವರನ್ನ ವೇದಿಕೆಗೆ ಕರೀತಿದೀನಿ."

ಮೇಷ್ಟ್ರು ಕಾರ್ಯಕ್ರಮದ ಪಟ್ಟಿ ನೋಡಿಕೊಂಡರು. ಅದರಲ್ಲಿ ಇದು ಇರಲಿಲ್ಲ. ಅಷ್ಟರಲ್ಲಿ ಖಲೀಲ್ ಭಾಯ್ ಆಟೋ, ಮೈಕ್ ಆಟೋ ಬರಬಾರದು ಅನ್ನುವ ಬೋರ್ಡು ದಾಟಿ, ಗೇಟು ದಾಟಿ, ಕುರ್ಚಿಗಳ ಮಧ್ಯೆ ಬಂದು ನಿಂತಿತು. ಮೇಲೆ ನಾಲ್ಕು ಹಾರ್ನು, ನಾಲ್ಕು ದಿಕ್ಕಿಗೆ. ಹಿಂದಿನ ಸೀಟಿನಲ್ಲಿ ಅವ್ವ, ಸಿಮೆಂಟ್ ಕಾಲು ಹೊರಗೆ ಚಾಚಿ. ಅರವತ್ತೆಂಟು, ಅಂದಿತು ಪರದೆ.

ನಾನು ಎಂಟು ದಿನ ಕೂತು ಒಂದು ಡೈಲಾಗ್ ಬರೆದಿದ್ದೆ. ಬೆಂಕಿ ಡೈಲಾಗ್. ಕೇಳಿದವರ ಮೈ ಜುಮ್ಮನ್ನಬೇಕು ಅಂಥದ್ದು. ಶುರು ಮಾಡಿದೆ. "ನಾವು ಸುಮ್ನಿದೀವಿ ಅಂದ್ರೆ..."

"ಲೇ ರಂಗಾ," ಅಂದಳು ಅವ್ವ. "ನಿನ್ ಡೈಲಾಗ್ ಆಮ್ಯಾಕೆ ಹೊಡ್ಕಳೀವಂತೆ. ತತ್ತಾ ಇಲ್ಲಿ ಅದ್ನ."

ವೇದಿಕೆ ಇಳಿದು ಹೋಗಿ, ಮೈಕಿನ ತಂತಿ ಆಟೋದ ಆಂಪ್ಲಿಫೈಯರಿಗೆ ಸಿಕ್ಕಿಸಿ ಕೊಟ್ಟೆ. ಅವಳು ಅದನ್ನು ಪೊರಕೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದಳು.

"ಮೇಷ್ಟ್ರೇ, ನಾನು ಹನುಮಕ್ಕ. ನಿಮ್ಮ ಮೂರನೇ ರಸ್ತೆ ಗುಡ್ಸೋಳು. ಇಪ್ಪತ್ತೊಂದು ವರ್ಷ ಆಯ್ತು. ನಿಮ್ಮನೆ ಕಸದಾಗಿನ ಮಾತ್ರೆ ಕವರ್ ನೋಡಿ ನಿಮ್ಗೆ ಸಕ್ಕರೆ ಕಾಯ್ಲೆ ಐತೆ ಅಂತ ನಿಮ್ಮನೆಯೋರ್ಗಿಂತ ಮುಂಚೆ ಗೊತ್ತಾಗಿದ್ದು ನಂಗೆ. ಯಾರ್ತಾವೂ ಅಂದಿಲ್ಲ. ನಮ್ಗೆ ಬಾಯಿ ಮುಚ್ಕಳಾದು ನೀವ್ ಕಲಿಸ್ಬೇಕಾಗಿರ್ಲಿಲ್ಲ."

"ಅಮ್ಮಾ, ಇದು ವೇದಿಕೆ ಅಲ್ಲ ಇದಕ್ಕೆಲ್ಲ. ಆಮೇಲೆ ಮಾತಾಡೋಣ. ಶ್..."

"ಅವತ್ತು ನಾನು ಕೂಗ್ನಿಲ್ಲ ಅಂತ, ಬಿದ್ದೇ ಇಲ್ಲ ಅಂದ್ರಂತೆ. ಮಿಷಿನ್‌ನಾಗೆ ಇಲ್ವಂತೆ. ಸರಿ. ಅವತ್ತಿನ ಕೂಗು ನನ್ನ ಒಳಗೇ ಐತೆ. ಎಲ್ಲೂ ಹೋಗಿಲ್ಲ. ಇವತ್ತು ತಕ್ಕಂಬಂದಿದೀನಿ." ವೇದಿಕೆಯ ಕೆಳಗೆ ನಿಂತಿದ್ದ ತೇಜಸ್ವಿನಿ ಕಡೆ ತಿರುಗಿದಳು. "ಮಗಾ, ಅವತ್ತು ನನ್ನ ಮಾತು ಟ್ಯಾಕ್ಟ್ರಿ ಸದ್ದಲ್ಲಿ ನಿಂಗೆ ಕೇಳ್ನಿಲ್ಲ. ಇವತ್ತು ಬರ್ಕ. ಗುರುವಾರ. ಆರೂ ಐದು. ಮೇಷ್ಟ್ರ ಗೇಟಿನ ಮುಂದೆ."

ಹುಡುಗಿ ಟ್ಯಾಬ್ ತೆರೆದಳು. ಟ್ರಸ್ಟಿನವರೊಬ್ಬರು ಅವಳ ಮೊಣಕೈ ಹಿಡಿದರು. ಅವಳು ಕೈ ಬಿಡಿಸಿಕೊಂಡಳು. "ಹೇಳೀಮ್ಮಾ."

"ಖಲೀಲ್ ಭಾಯ್!" ಅಂದೆ ನಾನು. ಅವನು ಆಂಪ್ಲಿಫೈಯರಿನ ತಿರುಪು ಕೊನೆಯವರೆಗೂ ತಿರುಗಿಸಿದ.

ಅವ್ವ ಕೂಗಿದಳು.

"ಅಯ್ಯಯ್ಯಪ್ಪೋ... ಕಾಲು ಮುರೀತು ಕಣ್ರಪ್ಪೋ... ಓಬಳಕ್ಕೋ..."

ನಾನು ಬಗೆಬಗೆಯ ಗಂಟಲು ಮಾಡಿದ್ದೇನೆ. ಇದು ಗಂಟಲಿನದಲ್ಲ. ಕಾಲಿನ ಮೂಳೆಯಿಂದ ಹೊರಟು, ಮಕ್ಕರಿ ಒತ್ತಿದ ಕತ್ತಿನಿಂದ ಹಾದು, ಸೆರಗು ತುರುಕಿದ್ದ ಬಾಯಿಂದ ಬಂತು. ಎಪ್ಪತ್ತೊಂಬತ್ತು. ತೊಂಬತ್ತಾರು. ನೂರಾ ಎಂಟು. ಕುರ್ಚಿಗಳಲ್ಲಿ ಇದ್ದವರು ಕಿವಿ ಮುಚ್ಚಿಕೊಂಡರು. ಬೆಟ್ಟ ಮುಚ್ಚಿಕೊಳ್ಳಲಿಲ್ಲ. ಇಡೀ ಬಂಡೆ ಆ ಕೂಗನ್ನು ತೆಗೆದುಕೊಂಡು ಊರಿನ ಮೇಲೆ ವಾಪಸ್ ಎಸೆಯಿತು. "ಓಬಳಕ್ಕೋ..."

ಗೇಟಿನ ಹೊರಗೆ ಓಬಳಮ್ಮ ಮಕ್ಕರಿಯನ್ನು ಕಾಲಿನಿಂದ ಒದ್ದು ಬೋರಲು ಹಾಕಿದಳು.

"ಓ... ಬಂದೆ ಕಣಮ್ಮೀ..."

ಅವಳ ಹಿಂದೆ ಇನ್ನೊಬ್ಬಳು, "ಓ..." ಇನ್ನೊಬ್ಬಳು. ಆರೂ ಜನ. ಆರೂ ಮಕ್ಕರಿ ಬೋರಲು. ಭೀಮರಾಜು ಅಡ್ಡ ನಿಂತ. "ಏಮ್ ಮಾಡ್ತಾ ಇದೀರ? ಎಲೆ ಯಾರು ಎತ್ತೋದು?"

"ಉಂಡೋರು ಎತ್ಲಿ," ಅಂದಳು ಓಬಳಮ್ಮ. "ಗಾಡಿ ಬರೋಗಂಟ ನಾವ್ ಮಕ್ಕರಿ ಮುಟ್ಟಲ್ಲ. ತಗಿ ಆ ಪುಸ್ತಕ."

ಏಳು ಹೆಂಗಸರು ಅವನನ್ನು ಸುತ್ತುಗಟ್ಟಿ, ತಳ್ಳಿಕೊಂಡು, ಕುರ್ಚಿಗಳ ಮಧ್ಯದ ದಾರಿಯಲ್ಲಿ ಆಟೋದವರೆಗೂ ತಂದರು. ಅವನು ವೇದಿಕೆಯ ಕಡೆ ನೋಡಿದ. ಮೇಷ್ಟ್ರು ಪರದೆಯ ಕಡೆ ನೋಡುತ್ತಿದ್ದರು. ಪುಸ್ತಕ ತೆರೆದ. ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದ.

"ರಾಸ್ತಾನಮ್ಮಾ, ಬರೀತೀನಿ. ಗುರುವಾರ... ಹಾಜರು... ಕೆಲಸದಲ್ಲಿದ್ದಾಗ..."

"ಪೆನ್ಸಿಲ್ ಬ್ಯಾಡ," ಅಂದಳು ಅವ್ವ. "ಪೆನ್ನಾಗೆ."

ನಾನು ನನ್ನ ಜೇಬಿನ ಪೆನ್ನು ಕೊಟ್ಟೆ. ಅವನು ಬರೆದ. ತೇಜಸ್ವಿನಿ ಅದರ ಫೋಟೋ ತೆಗೆದಳು.

ಜಯರಾಮಯ್ಯ ಮೇಷ್ಟ್ರು ಫಲಕವನ್ನು ಎದೆಗೆ ಒತ್ತಿಕೊಂಡು ವೇದಿಕೆ ಇಳಿದು ಬಂದರು. ಮೊದಲ ಸಲ ಅವರ ದನಿ ಏರಿತ್ತು. "ಬರೆದಾಯ್ತಲ್ಲಮ್ಮಾ? ಮುಗೀತಲ್ಲ? ಇನ್ನು ಹೊರಡಿ."

ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹಲ್ಲಿನ ತೂತು ಬಿದ್ದ ಅದೇ ಸೆರಗು.

"ಇನ್ನೂ ಎಲ್ಲಿ ಮುಗೀತು ಮೇಷ್ಟ್ರೇ. ಅದು ಆರೂ ಐದರದ್ದು ಒಂದೇ. ಏಳೂ ಐದರಗಂಟ ಬಿದ್ದಿದ್ದೆ ನಾನು."

ಮೈಕ್ ಮತ್ತೆ ಬಾಯಿಗೆ ಹಿಡಿದು, ಎದೆ ತುಂಬ ಉಸಿರು ಎಳೆದುಕೊಂಡಳು.